ಸದ್ದಿಲ್ಲದ ಇವಿ: ಅಪಾಯ ಯಾವ ವೇಗದಲ್ಲಿ, ಯಾರಿಗೆ?

ಎಲೆಕ್ಟ್ರಿಕ್ ವಾಹನ (ಇವಿ) ಸದ್ದೇ ಮಾಡುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಪರೀಕ್ಷೆಗೆಂದು ಈ ವಿಷಯ ಓದಲು ಕೂತವರು ಮೊದಲು ಕೇಳಿಕೊಳ್ಳಬೇಕಾದ್ದು, ಯಾವ ವೇಗದಲ್ಲಿ ಎಂದು.

ಓಡುವ ವಾಹನದ ಸದ್ದು ಮೂರು ಕಡೆಯಿಂದ ಹುಟ್ಟುತ್ತದೆ: ಇಂಜಿನ್ ಮತ್ತು ಸೈಲೆನ್ಸರ್, ರಸ್ತೆಗೆ ಉಜ್ಜುವ ಟೈರು, ಮೈಮೇಲೆ ಹಾಯುವ ಗಾಳಿ. ನಿಧಾನವಾಗಿ ಹೋಗುವಾಗ ಇಂಜಿನ್ನಿನದೇ ಮೇಲುಗೈ. ಗಂಟೆಗೆ 30 ಕಿ.ಮೀ. ಆಸುಪಾಸು ದಾಟಿದ ಮೇಲೆ ಟೈರಿನ ಸದ್ದು ಮುಂದಾಗುತ್ತದೆ. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋಗುವ ಇವಿಗೂ ಪೆಟ್ರೋಲ್ ಕಾರಿಗೂ ಬದಿಯಲ್ಲಿ ನಿಂತವರ ಕಿವಿಗೆ ದೊಡ್ಡ ವ್ಯತ್ಯಾಸ ಗೊತ್ತಾಗದು. ಹಾಗಾಗಿ ನಮ್ಮ ವಿಷಯವೆಲ್ಲ ಸೊನ್ನೆಯಿಂದ ಸುಮಾರು 30 ಕಿ.ಮೀ.ವರೆಗಿನ ವೇಗದ್ದು. ಅಪಾರ್ಟ್‌ಮೆಂಟ್ ಗೇಟು, ನೆಲಮಾಳಿಗೆಯ ಪಾರ್ಕಿಂಗ್, ಶಾಲೆಯ ಮುಂದಿನ ರಸ್ತೆ, ಸಿಗ್ನಲ್ ಬಿಟ್ಟ ಮೊದಲ ಕ್ಷಣ, ಹಿಂದಕ್ಕೆ ತೆಗೆಯುವ ಕಾರು. ಜನ ವಾಹನದ ತೀರಾ ಹತ್ತಿರ ನಡೆಯುವ ಜಾಗಗಳೂ ಇವೇ.

ಅಪಾಯ ನಿಜವೇ?

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2009ರಲ್ಲಿ ಹೈಬ್ರಿಡ್ ಕಾರುಗಳ (ಇಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ, ನಿಧಾನವಾಗಿ ಹೋಗುವಾಗ ಮೋಟರಿನಲ್ಲೇ ಓಡಬಲ್ಲ ಕಾರುಗಳ) ಅಪಘಾತ ದಾಖಲೆಗಳನ್ನು ಸಾಮಾನ್ಯ ಕಾರುಗಳ ದಾಖಲೆಗಳ ಜೊತೆ ಇಟ್ಟು ನೋಡಿತು. ವೇಗ ತಗ್ಗಿಸುವುದು, ಹಿಂದಕ್ಕೆ ಹೋಗುವುದು, ಪಾರ್ಕಿಂಗ್‌ನಿಂದ ಹೊರಬರುವುದು ಮುಂತಾದ ನಿಧಾನಗತಿಯ ಚಲನೆಗಳಲ್ಲಿ ಹೈಬ್ರಿಡ್ ಕಾರು ಪಾದಚಾರಿಗೆ ಗುದ್ದುವ ಸಂಭವ ಸುಮಾರು ಎರಡು ಪಟ್ಟು ಇತ್ತು. ಭೌತಶಾಸ್ತ್ರ ಬೆರಳು ತೋರಿಸಿದ ಜಾಗವನ್ನೇ ಅಪಘಾತದ ದಾಖಲೆಯೂ ತೋರಿಸಿತು. ಈ ಅಧ್ಯಯನವನ್ನು ನಾನು ಗಟ್ಟಿ ಎನ್ನುವುದು ಅದಕ್ಕೇ.

ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಬ್ರಿಟನ್ನಿನ 2013ರಿಂದ 2017ರವರೆಗಿನ ಅಂಕಿಅಂಶಗಳನ್ನು ಬಳಸಿಕೊಂಡಿದೆ. ಪ್ರತಿ 10 ಕೋಟಿ ಮೈಲಿ ಓಡಾಟಕ್ಕೆ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಿಂದ ಗಾಯಗೊಂಡ ಅಥವಾ ಸತ್ತ ಪಾದಚಾರಿಗಳ ಪ್ರಮಾಣ 5.16, ಪೆಟ್ರೋಲ್ ಡೀಸೆಲ್ ಕಾರುಗಳಿಂದ 2.40. ಹಳ್ಳಿಗಾಡಿಗಿಂತ ನಗರದಲ್ಲಿ ಅಂತರ ಹೆಚ್ಚು. ಈ ಅಂಕಿಗಳನ್ನು ಉತ್ತರಪತ್ರಿಕೆಯಲ್ಲಿ ಬರೆಯುವವರು ಎರಡು ಮಾತು ಸೇರಿಸಬೇಕು. ಯುರೋಪಿನಲ್ಲಿ ಎಚ್ಚರಿಕೆಯ ಸದ್ದು ಕಡ್ಡಾಯವಾಗುವ ಮೊದಲಿನ ಕಾರುಗಳ ಲೆಕ್ಕವಿದು. ಜೊತೆಗೆ ಯಾರು ಓಡಿಸುತ್ತಾರೆ, ಎಲ್ಲಿ ಓಡಿಸುತ್ತಾರೆ ಎನ್ನುವುದೂ ಇದರಲ್ಲಿ ಬೆರೆತಿದೆ, ಎರಡು ಪಟ್ಟಿನ ಅಂತರವನ್ನು ಪೂರ್ತಿಯಾಗಿ ನಿಶ್ಶಬ್ದದ ತಲೆಗೆ ಕಟ್ಟಲಾಗದು. ಇವಿ ನಿಂತಲ್ಲಿಂದ ಥಟ್ಟನೆ ವೇಗ ಪಡೆಯುತ್ತದೆ, ಅದೂ ಒಂದು ಕಾರಣವಿರಬಹುದು.

ನೋಡಿ ನಡೆದರಾಯಿತು ಎನ್ನುವವರಿಗೆ

ಕಣ್ಣು ಕಾಣದ ವ್ಯಕ್ತಿ ಬಿಳಿ ಕೋಲು ಹಿಡಿದು ರಸ್ತೆ ದಾಟುವಾಗ ಕಿವಿಯಿಂದ ಮೂರು ಸಂಗತಿ ಓದುತ್ತಾರೆ: ಇಲ್ಲಿ ವಾಹನ ನಿಂತಿದೆ, ಅದು ಈಗ ಹೊರಟಿತು, ಇಂಥ ದಿಕ್ಕಿಗೆ ಹೋಗುತ್ತಿದೆ. ನಿಂತ ಇಂಜಿನ್ನಿನ ಗುರುಗುಟ್ಟುವಿಕೆ ಮೊದಲನೆಯದನ್ನು ಹೇಳುತ್ತದೆ, ಎಕ್ಸಲರೇಟರ್ ಒತ್ತಿದಾಗ ಏರುವ ಸ್ವರ ಎರಡನೆಯದನ್ನು. ಇವಿಯಲ್ಲಿ ಇವೆರಡೂ ಮಾಯ. ಅಮೆರಿಕದಲ್ಲಿ ಈ ಹೋರಾಟದ ಮುಂಚೂಣಿಯಲ್ಲಿದ್ದದ್ದು ನ್ಯಾಷನಲ್ ಫೆಡರೇಶನ್ ಆಫ್ ದಿ ಬ್ಲೈಂಡ್. ಅದರ ಫಲವಾಗಿ ಬಂದ ಪಾದಚಾರಿ ಸುರಕ್ಷತಾ ಕಾಯ್ದೆಗೆ 2011ರ ಜನವರಿಯಲ್ಲಿ ಸಹಿ ಬಿತ್ತು. ಮಕ್ಕಳು, ವಯಸ್ಸಾದವರು, ಬೆನ್ನ ಹಿಂದೆ ಕಣ್ಣಿಲ್ಲದ ಸೈಕಲ್ ಸವಾರರು, ಇವರೂ ಕಿವಿಯನ್ನು ನಂಬಿಕೊಂಡವರೇ.

ಪರಿಹಾರದ ಹೆಸರು ಎವಿಎಎಸ್

ವಾಹನದ ಹೊರಭಾಗದಲ್ಲಿ ಸ್ಪೀಕರ್ ಇಟ್ಟು, ಕಡಿಮೆ ವೇಗದಲ್ಲಿ ಕೃತಕ ಸದ್ದು ಹೊರಡಿಸುವ ವ್ಯವಸ್ಥೆ ಇದು, ಪೂರ್ಣ ಹೆಸರು ಅಕೌಸ್ಟಿಕ್ ವೆಹಿಕಲ್ ಅಲರ್ಟಿಂಗ್ ಸಿಸ್ಟಮ್. ಹಾರ್ನ್‌ನಂತೆ ಚಾಲಕ ಒತ್ತಬೇಕಿಲ್ಲ, ತಾನಾಗಿಯೇ ಕೆಲಸ ಮಾಡುತ್ತದೆ. ಜಪಾನ್ 2010ರಲ್ಲೇ ಮಾರ್ಗಸೂಚಿ ತಂದಿತು. ವಿಶ್ವಸಂಸ್ಥೆಯ ಚೌಕಟ್ಟಿನ 138ನೇ ನಿಯಮ 2016ರಲ್ಲಿ ರೂಪುಗೊಂಡಿತು. ಯುರೋಪಿಯನ್ ಒಕ್ಕೂಟ ಹೊಸ ಮಾದರಿಗಳಿಗೆ 2019ರ ಜುಲೈನಿಂದ, ಎಲ್ಲ ಹೊಸ ಕಾರುಗಳಿಗೆ 2021ರ ಜುಲೈನಿಂದ ಇದನ್ನು ಕಡ್ಡಾಯ ಮಾಡಿತು. ನಿಯಮದ ಮೊದಲ ಆವೃತ್ತಿಯಲ್ಲಿ ಚಾಲಕ ಸದ್ದನ್ನು ನಿಲ್ಲಿಸುವ ಸ್ವಿಚ್‌ಗೆ ಅವಕಾಶವಿತ್ತು, ಪರಿಷ್ಕರಣೆಯಲ್ಲಿ ತೆಗೆದರು. ಸರಿಯಾದ ನಿರ್ಧಾರ. ಹೊರಗಿರುವವರ ಜೀವಕ್ಕಾಗಿ ಇಟ್ಟ ಸದ್ದನ್ನು ಒಳಗೆ ಕೂತವರ ಇಷ್ಟಕ್ಕೆ ಬಿಡಬಾರದು.

138ನೇ ನಿಯಮದ ಅಂಕಿಗಳು ಪರೀಕ್ಷೆಗೂ ಬೇಕು, ಅರ್ಥಕ್ಕೂ ಬೇಕು. ಕಾರಿನ ಮಧ್ಯರೇಖೆಯಿಂದ 2 ಮೀಟರ್ ದೂರದಲ್ಲಿ ಅಳೆದಾಗ 10 ಕಿ.ಮೀ. ವೇಗದಲ್ಲಿ ಕನಿಷ್ಠ 50 ಡೆಸಿಬಲ್, 20ರಲ್ಲಿ 56, ಹಿಂದಕ್ಕೆ ಹೋಗುವಾಗ 47 ಇರಬೇಕು. ಗರಿಷ್ಠ ಮಿತಿ 75. ಇದು 20 ಕಿ.ಮೀ.ವರೆಗಷ್ಟೇ ಕಡ್ಡಾಯ, ಅಮೆರಿಕದಲ್ಲಿ 30ರವರೆಗೆ. ಇನ್ನೊಂದು ಮುಖ್ಯ ವ್ಯತ್ಯಾಸ: ಗೇರ್ ಹಾಕಿ ನಿಂತ ಇವಿಯೂ ಸದ್ದು ಮಾಡಬೇಕು ಎಂದು ಅಮೆರಿಕ ಕೇಳುತ್ತದೆ, 138ನೇ ನಿಯಮ ಅದನ್ನು ತಯಾರಕರ ಇಚ್ಛೆಗೆ ಬಿಡುತ್ತದೆ. ಮೇಲೆ ಹೇಳಿದ ಮೂರು ಸಂಗತಿಗಳಲ್ಲಿ ಮೊದಲನೆಯದಕ್ಕೆ ಅಮೆರಿಕದ ನಿಯಮ ಮಾತ್ರ ಉತ್ತರ ಕೊಡುತ್ತದೆ.

ಸದ್ದಿನ ಗುಣದ ಬಗ್ಗೆಯೂ ಷರತ್ತುಗಳಿವೆ. ನನಗೆ ಬಹಳ ಹಿಡಿಸಿದ ಭಾಗ ಇದು. ವೇಗ 1 ಕಿ.ಮೀ. ಹೆಚ್ಚಿದಂತೆ ಸದ್ದಿನ ಆವರ್ತನ ಸರಾಸರಿ ಶೇ 0.8ರಷ್ಟಾದರೂ ಏರಬೇಕು. 5ರಿಂದ 20 ಕಿ.ಮೀ.ಗೆ ಹೋಗುವಾಗ ಒಟ್ಟು ಏರಿಕೆ ಸುಮಾರು ಶೇ 12. ಸಂಗೀತ ಬಲ್ಲವರಿಗೆ ಹೇಳುವುದಾದರೆ ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಹೋದಷ್ಟು. ಕಾರು ವೇಗ ಹೆಚ್ಚಿಸುತ್ತಿದೆಯೋ ತಗ್ಗಿಸುತ್ತಿದೆಯೋ ಎಂದು ಕಿವಿ ಇದರಿಂದಲೇ ಪತ್ತೆ ಮಾಡುತ್ತದೆ.

ಒಂದೇ ಸ್ವರದ ಪೀಂ ಎನ್ನುವ ಸದ್ದು ಸಾಲದು. ಸುಮಾರು 1500 ಹರ್ಟ್ಸ್ ಕೆಳಗಿನ ಸದ್ದು ಯಾವ ಕಿವಿಗೆ ಮೊದಲು ತಲುಪಿತು ಎಂಬ ಒಂದು ಮಿಲಿಸೆಕೆಂಡಿಗೂ ಕಡಿಮೆಯ ಅಂತರದಿಂದ ಮಿದುಳು ದಿಕ್ಕು ಹಿಡಿಯುತ್ತದೆ. ಅದಕ್ಕಿಂತ ಮೇಲಿನದಕ್ಕೆ ಯಾವ ಕಿವಿಗೆ ಜೋರಾಗಿ ಕೇಳಿತು ಎಂಬುದೇ ಸುಳಿವು. ಎರಡೂ ಸುಳಿವು ಸಿಗಬೇಕಾದರೆ ಸದ್ದು ಹಲವು ಆವರ್ತನಗಳಲ್ಲಿ ಹರಡಿರಬೇಕು. ವಯಸ್ಸಾದಂತೆ ಮೊದಲು ಕ್ಷೀಣಿಸುವುದು ಮೇಲಿನ ಆವರ್ತನದ ಶ್ರವಣ. ಹೀಗಾಗಿ ಕನಿಷ್ಠ ಎರಡು ಆವರ್ತನ ಪಟ್ಟಿಗಳಲ್ಲಿ, ಅಂದರೆ ಆವರ್ತನದ ವ್ಯಾಪ್ತಿಗಳಲ್ಲಿ, ಸದ್ದು ಇರಬೇಕು ಎಂದು ನಿಯಮ ಕೇಳುತ್ತದೆ, ಅವುಗಳಲ್ಲಿ ಒಂದಾದರೂ 1600 ಹರ್ಟ್ಸ್ ಪಟ್ಟಿಯಲ್ಲಿ ಅಥವಾ ಅದರ ಕೆಳಗೆ ಇರಬೇಕು.

ತಯಾರಕರು ಇದನ್ನು ಆಟ ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಚಾಲಕ ತನಗಿಷ್ಟದ ಸದ್ದನ್ನು ಹೊರಗಿನ ಸ್ಪೀಕರ್‌ನಲ್ಲಿ ಹಾಕಬಹುದಾಗಿದ್ದ ಬೂಮ್‌ಬಾಕ್ಸ್ ಸೌಲಭ್ಯ ಎಚ್ಚರಿಕೆಯ ಸದ್ದನ್ನು ಮುಚ್ಚಿಹಾಕಬಹುದು ಎಂಬ ಕಾರಣಕ್ಕೆ 2022ರಲ್ಲಿ ಟೆಸ್ಲಾ ಅಮೆರಿಕದಲ್ಲಿ 5 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ರೀಕಾಲ್ ಮಾಡಬೇಕಾಯಿತು.

ನಮ್ಮ ರಸ್ತೆಗೆ ಈ ಲೆಕ್ಕ ಹಚ್ಚಿದಾಗ

ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಹಗಲಿನ ಮಿತಿ ವಸತಿ ಪ್ರದೇಶಕ್ಕೆ 55 ಡೆಸಿಬಲ್, ವಾಣಿಜ್ಯ ಪ್ರದೇಶಕ್ಕೆ 65. ಬೆಂಗಳೂರಿನ ಚಿಕ್ಕಪೇಟೆಯಲ್ಲೋ ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ಕಾನೂನು ಒಪ್ಪುವಷ್ಟೇ ಗದ್ದಲ ಇದೆ ಎಂದಿಟ್ಟುಕೊಳ್ಳೋಣ. 10 ಕಿ.ಮೀ. ವೇಗದ ಇವಿ ಕನಿಷ್ಠ ಮಟ್ಟದ 50 ಡೆಸಿಬಲ್ ಸದ್ದು ಮಾಡಿದರೆ ಅದು ಸುತ್ತಲ ಗದ್ದಲಕ್ಕಿಂತ 15 ಡೆಸಿಬಲ್ ಕಡಿಮೆ. ಡೆಸಿಬಲ್ ಲಾಗರಿದಮ್ ಅಳತೆ, ಹಾಗಾಗಿ 15ರ ಅಂತರವೆಂದರೆ ಸುಮಾರು ಮೂವತ್ತನೇ ಒಂದು ಪಾಲು ಶಕ್ತಿ.

ದೂರವನ್ನೂ ಸೇರಿಸಿ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 20 ಕಿ.ಮೀ. ವೇಗದ ಕಾರಿನ 56 ಡೆಸಿಬಲ್ 4 ಮೀಟರ್‌ನಲ್ಲಿ 50, 8 ಮೀಟರ್‌ನಲ್ಲಿ 44. ಆ ವೇಗದಲ್ಲಿ ಕಾರು ಸೆಕೆಂಡಿಗೆ 5.6 ಮೀಟರ್ ಸಾಗುತ್ತದೆ. ಅಂದರೆ 8 ಮೀಟರ್ ದೂರದ ಕಾರು ಮುಟ್ಟಲು ಬೇಕಾದ್ದು 1.4 ಸೆಕೆಂಡ್. ತಲೆ ಎತ್ತಿ, ದಿಕ್ಕು ಗುರುತಿಸಿ, ಹೆಜ್ಜೆ ಹಿಂದಿಡಲು ಇರುವ ಸಮಯ ಅಷ್ಟೇ. ಆವರ್ತನಗಳು ಬೇರೆಬೇರೆಯಾದರೆ ಗದ್ದಲದ ನಡುವೆಯೂ ಕ್ಷೀಣ ಸದ್ದು ಕೇಳಬಹುದು, ನಿಜ. ಆದರೂ ವಸತಿ ರಸ್ತೆಯಲ್ಲಿ ಕಾಪಾಡುವ ಎವಿಎಎಸ್ ಪೇಟೆಯಲ್ಲಿ ಬಹುಮಟ್ಟಿಗೆ ಮುಳುಗಿಹೋಗುತ್ತದೆ ಎಂದೇ ನನ್ನ ತೀರ್ಮಾನ. ಸ್ಪೀಕರ್ ಜೋರು ಮಾಡುವುದು ಅದಕ್ಕೆ ದಾರಿಯಾಗದು, ಇಡೀ ಬೀದಿ ಇನ್ನಷ್ಟು ಗದ್ದಲವಾಗಿ ಮತ್ತೆ ಅಲ್ಲಿಗೇ ಬರುತ್ತೇವೆ. ಪೇಟೆಯ ರಸ್ತೆಗೆ ಬೇಕಾದ್ದು ನಡೆಯಲು ಬರುವ ಫುಟ್‌ಪಾತ್ ಮತ್ತು ಹಾರ್ನ್ ಹಾವಳಿಗೆ ಕಡಿವಾಣ.

ಭಾರತದ ಕರಡು ಬಿಟ್ಟ ವಾಹನಗಳು

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಕರಡು ಅಧಿಸೂಚನೆ ಹೊರಡಿಸಿತು. ಸದ್ದು ಹೇಗಿರಬೇಕು ಎಂಬುದಕ್ಕೆ ಮಾನದಂಡ ಎಐಎಸ್-173. ಹೊಸ ಮಾದರಿಗಳಿಗೆ 2026ರ ಅಕ್ಟೋಬರ್ 1ರಿಂದ, ಈಗಾಗಲೇ ತಯಾರಾಗುತ್ತಿರುವ ಮಾದರಿಗಳಿಗೆ 2027ರ ಅಕ್ಟೋಬರ್ 1ರಿಂದ ಎವಿಎಎಸ್ ಕಡ್ಡಾಯ ಮಾಡುವ ಪ್ರಸ್ತಾವ ಅದರಲ್ಲಿದೆ. ಎಂ ಮತ್ತು ಎನ್ ವರ್ಗಗಳಿಗೆ, ಅಂದರೆ ಕಾರು, ಬಸ್ಸು, ಲಾರಿಗಳಿಗೆ ಇದು ಅನ್ವಯ. ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳಂಥವೂ ಎಂ ವರ್ಗದವೇ.

ಎಲ್ ವರ್ಗದ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳು ಇದರಲ್ಲಿಲ್ಲ. ನಮ್ಮ ರಸ್ತೆಯ ಇವಿಗಳಲ್ಲಿ ಬಹುಪಾಲು ಅವೇ. ಅದರಲ್ಲೂ ಗಂಟೆಗೆ 25 ಕಿ.ಮೀ. ವೇಗಮಿತಿಯ, 250 ವ್ಯಾಟ್ ಒಳಗಿನ ಸ್ಕೂಟರ್‌ಗಳನ್ನು ನೋಡಿ. ಅವಕ್ಕೆ ನೋಂದಣಿ ಬೇಡ, ಓಡಿಸಲು ಲೈಸೆನ್ಸ್ ಬೇಡ. ಕಾರು ಗೇಟಿನಿಂದ ಮುಖ್ಯರಸ್ತೆಗೆ ಬರುವಷ್ಟು ಹೊತ್ತು ಮಾತ್ರ ನಿಶ್ಶಬ್ದದ ವೇಗದಲ್ಲಿರುತ್ತದೆ. ಈ ಸ್ಕೂಟರ್‌ನ ಓಡಾಟವೆಲ್ಲ ಅದೇ ವೇಗದಲ್ಲಿ, ಅದೂ ಡೆಲಿವರಿಗೆಂದು ಗಲ್ಲಿಗಳಲ್ಲಿ, ಫುಟ್‌ಪಾತ್ ಅಂಚಿನಲ್ಲಿ, ಎಷ್ಟೋ ಸಲ ಎದುರು ದಿಕ್ಕಿನಿಂದ. ಸ್ಪೀಕರ್‌ಗೆ ಬೇಕಾದ ವಿದ್ಯುತ್ತು ಮೋಟರ್ ಎಳೆಯುವುದರ ಮುಂದೆ ಅತ್ಯಲ್ಪ, ಬ್ಯಾಟರಿ ಸಾಲದು ಎನ್ನುವ ನೆಪಕ್ಕೆ ಆಸ್ಪದವಿಲ್ಲ. ಕಾರಿಗೆ ಬರೆದ ನಿಯಮವನ್ನು ಮೊದಲು ಈ ಸ್ಕೂಟರ್‌ಗಳಿಗೆ ವಿಸ್ತರಿಸಬೇಕು, ಆಮೇಲೆ ಉಳಿದ ಎಲ್ ವರ್ಗಕ್ಕೆ.