ತಂಬೂರಿಯ ತಂತಿ, ಕ್ಯಾರೆಟ್‌ನ ಬಣ್ಣ

ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಎಲೆಕ್ಟ್ರಾನ್: ಬಿ.ಎಸ್ಸಿ. ತರಗತಿಯಲ್ಲಿ ಕ್ವಾಂಟಂ ಲೆಕ್ಕಗಳು ಶುರುವಾಗುವುದೇ ಇಲ್ಲಿಂದ. ಸೂತ್ರ ಬರೆದು, ಪ್ಲಾಂಕ್ ಸ್ಥಿರಾಂಕವನ್ನು (ಕ್ವಾಂಟಂ ಲೆಕ್ಕಗಳಲ್ಲೆಲ್ಲ ಬರುವ ಅತಿ ಚಿಕ್ಕ ಸ್ಥಿರ ಸಂಖ್ಯೆ) ತುಂಬಿ, ಗುಣಿಸಿ ಭಾಗಿಸಿದರೆ ಉತ್ತರ ಬರುತ್ತದೆ. 1 ನ್ಯಾನೋಮೀಟರ್ ಅಗಲದ ಪೆಟ್ಟಿಗೆಯಾದರೆ ಎಲೆಕ್ಟ್ರಾನ್‌ನ ಕನಿಷ್ಠ ಶಕ್ತಿ 0.376 ಎಲೆಕ್ಟ್ರಾನ್ ವೋಲ್ಟ್. ಇದು ಜೂಲ್‌ಗಿಂತ ಊಹೆಗೆ ನಿಲುಕದಷ್ಟು ಚಿಕ್ಕದಾದ ಶಕ್ತಿಯ ಮಾನ. ಒಮ್ಮೆ ಒಬ್ಬ ವಿದ್ಯಾರ್ಥಿನಿಯ ಉತ್ತರಪತ್ರಿಕೆಯಲ್ಲಿ ಅದು 0.376 ಜೂಲ್ ಆಗಿತ್ತು. ಅರ್ಧ ಅಂಕ ಕಳೆದು ಮುಂದಿನ ಪುಟಕ್ಕೆ ಹೋಗಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಅವಳನ್ನು ಕರೆದು, "ನೂರು ಗ್ರಾಂ ತೂಕದ ಟೊಮೆಟೊವನ್ನು ಎಷ್ಟು ಎತ್ತರಕ್ಕೆ ಎತ್ತಿದರೆ ಇಷ್ಟು ಶಕ್ತಿ ಖರ್ಚಾಗುತ್ತದೆ, ಲೆಕ್ಕ ಹಾಕಮ್ಮ" ಎಂದೆ. ಸುಮಾರು 38 ಸೆಂಟಿಮೀಟರ್ ಬಂತು. ಒಂದೇ ಒಂದು ಎಲೆಕ್ಟ್ರಾನ್ ಒಂದು ಟೊಮೆಟೊವನ್ನು ಹೆಚ್ಚುಕಡಿಮೆ ಒಂದು ಮೊಳ ಎತ್ತಬಲ್ಲದು ಎಂದು ತಾನು ಬರೆದಿದ್ದೇನೆ ಎಂಬುದು ಅವಳಿಗೆ ಆಗ ಹೊಳೆಯಿತು.

ನನ್ನನ್ನು ವರ್ಷಗಳಿಂದ ಕಾಡುತ್ತಿರುವುದು ಇದೇ. ಏಣಿ ಯಾಕೆ ಜಾರುತ್ತದೆ, ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ ಎಂದು ಕೇಳುತ್ತಾ ಭೌತಶಾಸ್ತ್ರಕ್ಕೆ ಬಂದ ಮಕ್ಕಳು, ಕ್ವಾಂಟಂ ಎಂಬ ಪದ ಬಂದ ಕೂಡಲೇ ಕೇಳುವುದನ್ನು ನಿಲ್ಲಿಸುತ್ತಾರೆ. ಅಲ್ಲಿಂದ ಮುಂದೆ ನಂಬಿಕೆ, ಬಾಯಿಪಾಠ, ಕ್ಯಾಲ್ಕ್ಯುಲೇಟರ್. ದಾರಿ ಅಲ್ಲಿ ಕಡಿದಿಲ್ಲ ಎಂದು ತೋರಿಸಲು ನಾನು ತರಗತಿಗೆ ತಂಬೂರಿ ಒಯ್ಯುತ್ತೇನೆ.

ಷಡ್ಜಕ್ಕೆ ಶ್ರುತಿ ಮಾಡಿದ ತಂತಿಯನ್ನು ಸರಿಯಾಗಿ ಮಧ್ಯದಲ್ಲಿ ಬೆರಳ ತುದಿಯಿಂದ ಸೋಕಿದಂತೆ ಮುಟ್ಟಿ, ಕಾಲು ಭಾಗದ ಹತ್ತಿರ ಮೀಟಿ, ತಕ್ಷಣ ಬೆರಳು ತೆಗೆಯಬೇಕು. ಮೇಲಿನ ಷಡ್ಜ ಕೇಳಿಸುತ್ತದೆ. ಮೂರನೇ ಒಂದು ಭಾಗದಲ್ಲಿ ಮುಟ್ಟಿದರೆ ಮೇಲಿನ ಸ್ಥಾಯಿಯ ಪಂಚಮ. ಎಲ್ಲೆಂದರಲ್ಲಿ ಮುಟ್ಟಿದರೆ ದನಿ ಸತ್ತುಹೋಗುತ್ತದೆ. ಎರಡೂ ತುದಿ ಬಿಗಿದ ತಂತಿ ಎಲ್ಲ ಅಲೆಗಳನ್ನೂ ಇಟ್ಟುಕೊಳ್ಳುವುದಿಲ್ಲ. ತನ್ನ ಉದ್ದದಲ್ಲಿ ಅರ್ಧ ಅಲೆಗಳು ಒಂದು, ಎರಡು, ಮೂರು ಎಂದು ಪೂರ್ಣಸಂಖ್ಯೆಯಲ್ಲಿ ಹಿಡಿಸಿದರೆ ಮಾತ್ರ ಹಾಡುತ್ತದೆ. ಇದನ್ನು ಕಿವಿಯಿಂದ ಕೇಳಿದ ಹುಡುಗನಿಗೆ ಶಕ್ತಿಯ ಮಟ್ಟಗಳು ಮೆಟ್ಟಿಲುಮೆಟ್ಟಿಲಾಗಿ ಇರುತ್ತವೆ ಎಂದರೆ ಅದು ಹೊರಗಿನಿಂದ ಹೇರಿದ ನಿಯಮದಂತೆ ಕಾಣುವುದಿಲ್ಲ. ನಮ್ಮ ವಾದ್ಯಗಳಲ್ಲಿ ಭೌತಶಾಸ್ತ್ರ ಹುಡುಕುವುದು ಹೊಸತೇನಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಸಿ. ವಿ. ರಾಮನ್, ಅದಕ್ಕೂ ಮೊದಲು ಕಲ್ಕತ್ತೆಯಲ್ಲಿದ್ದಾಗಲೇ ಮೃದಂಗದ ನಾದವನ್ನೂ ವೀಣೆ-ತಂಬೂರಿಗಳಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ ಗುಟ್ಟನ್ನೂ ಅಭ್ಯಾಸ ಮಾಡಿದ್ದರು.

ಇನ್ನು ಲೆಕ್ಕ. ತಂತಿಯಲ್ಲಿ ನಿಲ್ಲುವ ಅಲೆಯ ಉದ್ದ, ಅಂದರೆ ತರಂಗದೂರ, ತಂತಿಯ ಉದ್ದದ ಎರಡರಷ್ಟನ್ನು ಒಂದು ಪೂರ್ಣಸಂಖ್ಯೆಯಿಂದ ಭಾಗಿಸಿದಷ್ಟು. ಎಲೆಕ್ಟ್ರಾನ್‌ಗೂ ಅಲೆಯ ಗುಣವಿದೆ, ಅದರ ಸಂವೇಗ (ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು) ಎಂದರೆ ಪ್ಲಾಂಕ್ ಸ್ಥಿರಾಂಕವನ್ನು ತರಂಗದೂರದಿಂದ ಭಾಗಿಸಿದ್ದು ಎಂದು ಲೂಯಿ ಡಿ ಬ್ರಾಯ್ 1924ರಲ್ಲಿ ಮಂಡಿಸಿದರು. ಸಂವೇಗದ ವರ್ಗವನ್ನು ದ್ರವ್ಯರಾಶಿಯ ಎರಡರಷ್ಟರಿಂದ ಭಾಗಿಸಿದರೆ ಚಲನಶಕ್ತಿ. ತಂತಿಯ ಉದ್ದದ ಜಾಗದಲ್ಲಿ ಪೆಟ್ಟಿಗೆಯ ಅಗಲವನ್ನಿಟ್ಟು ಈ ಮೂರು ಸಾಲು ಸೇರಿಸಿ ನೋಡಿ: ಪಠ್ಯಪುಸ್ತಕ ಕ್ವಾಂಟಂ ಅಲೆಗಳ ಮೂಲ ಸಮೀಕರಣವಾದ ಶ್ರೋಡಿಂಗರ್ ಸಮೀಕರಣ ಬಿಡಿಸಿ ಎರಡು ಪುಟದ ಕೊನೆಗೆ ಕೊಡುವ ಸೂತ್ರವೇ ಕೈಗೆ ಬರುತ್ತದೆ. ಸಮೀಕರಣ ಬೇಡವೆಂದಲ್ಲ, ಮುಂದೆ ಅದಿಲ್ಲದೆ ಒಂದು ಹೆಜ್ಜೆಯೂ ಇಡಲಾಗದು. ಆದರೆ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಗೊತ್ತಿದ್ದರೆ ಆ ಎರಡು ಪುಟ ಭಾರವಾಗುವುದಿಲ್ಲ.

ತಂತಿಯ ಹೋಲಿಕೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಅದೇ ದಿನ ಹೇಳಿಬಿಡಬೇಕು. ತಂತಿಯ ಆವೃತ್ತಿ 1, 2, 3 ಎಂದು ಏರಿದರೆ ಎಲೆಕ್ಟ್ರಾನ್‌ನ ಶಕ್ತಿ 1, 4, 9 ಎಂದು ಏರುತ್ತದೆ, ಏಕೆಂದರೆ ಶಕ್ತಿಯಲ್ಲಿ ಸಂವೇಗದ ವರ್ಗವಿದೆ. ತಂತಿಯಲ್ಲಿ ಅಲುಗುವುದು ಲೋಹ. ಎಲೆಕ್ಟ್ರಾನ್‌ನ ಅಲೆಯಲ್ಲಿ ಹಾಗೆ ಅಲುಗುವ ವಸ್ತುವೇ ಇಲ್ಲ. ಆ ಅಲೆಯ ವರ್ಗ ಎಲೆಕ್ಟ್ರಾನ್ ಎಲ್ಲಿ ಸಿಗಬಹುದೆಂಬ ಸಂಭವನೀಯತೆಯನ್ನು ಹೇಳುತ್ತದೆ ಎಂದು 1926ರಲ್ಲಿ ಮ್ಯಾಕ್ಸ್ ಬಾರ್ನ್ ಅರ್ಥೈಸಿದರು. ಪ್ರತಿ ವರ್ಷವೂ ಯಾರಾದರೂ ಒಬ್ಬರು ಕೇಳುತ್ತಾರೆ: "ಎರಡನೇ ಮಟ್ಟದಲ್ಲಿ ಪೆಟ್ಟಿಗೆಯ ನಡುವೆ ಸಂಭವನೀಯತೆ ಸೊನ್ನೆ. ಹಾಗಾದರೆ ಎಲೆಕ್ಟ್ರಾನ್ ಎಡದಿಂದ ಬಲಕ್ಕೆ ದಾಟುವುದು ಹೇಗೆ ಮೇಡಂ?" ನಾನು ಮತ್ತೆ ತಂತಿಯ ಮಧ್ಯ ಮುಟ್ಟಿ ಮೇಲಿನ ಷಡ್ಜ ನುಡಿಸುತ್ತೇನೆ. ಈ ಸ್ವರ ತಂತಿಯ ಎಡಭಾಗದಲ್ಲಿದೆಯೋ ಬಲಭಾಗದಲ್ಲಿದೆಯೋ? ಇಡೀ ತಂತಿಯದು. ಎಲೆಕ್ಟ್ರಾನ್‌ನ ಸ್ಥಿತಿಯೂ ಇಡೀ ಪೆಟ್ಟಿಗೆಯದು. ಅತ್ತಿಂದಿತ್ತ ಓಡುವ ಗೋಲಿಯನ್ನು ಕಲ್ಪಿಸಿಕೊಂಡದ್ದರಿಂದ ಆ ಪ್ರಶ್ನೆ ಹುಟ್ಟಿತು. ನಿಜವಾದ ಗೋಲಿಗೇ ಲೆಕ್ಕ ಹಾಕಿದರೆ ಏನಾಗುತ್ತದೆ? 1 ಗ್ರಾಂ ತೂಕದ ಮಣಿ, 10 ಸೆಂಟಿಮೀಟರ್ ಪೆಟ್ಟಿಗೆ: ಕನಿಷ್ಠ ಶಕ್ತಿ ಬರೆಯಲು ದಶಾಂಶ ಬಿಂದುವಿನ ನಂತರ 62 ಸೊನ್ನೆ ಬರೆದು ಆಮೇಲೆ 5 ಬರೆಯಬೇಕು, ಅದೂ ಜೂಲ್‌ಗಳಲ್ಲಿ. ಗೋಲಿಯಾಟದಲ್ಲಿ ಮೆಟ್ಟಿಲುಗಳು ಯಾರ ಕಣ್ಣಿಗೂ ಬೀಳದ್ದು ಇದಕ್ಕೇ.

ಟೊಮೆಟೊ ಎತ್ತಿದ ಹುಡುಗಿಗೆ ನಾನು ಕೊಟ್ಟ ಮುಂದಿನ ಲೆಕ್ಕ ಕ್ಯಾರೆಟ್‌ನದು. ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಅಣುವಿನಲ್ಲಿ ಒಂದು ಬಿಟ್ಟು ಒಂದರಂತೆ 11 ದ್ವಿಬಂಧಗಳ (ಎರಡು ಪರಮಾಣುಗಳ ನಡುವಿನ ಜೋಡಿ ಬಂಧಗಳ) ಸರಪಳಿ ಇದೆ. ಅದರಲ್ಲಿ ಹರಡಿಕೊಂಡ 22 ಎಲೆಕ್ಟ್ರಾನ್‌ಗಳಿಗೆ ಆ ಸರಪಳಿಯೇ ಪೆಟ್ಟಿಗೆ, ಉದ್ದ 3 ನ್ಯಾನೋಮೀಟರ್‌ಗೆ ತುಸು ಕಡಿಮೆ. ಮಟ್ಟಕ್ಕೆ ಎರಡರಂತೆ 11 ಮಟ್ಟ ತುಂಬುತ್ತವೆ. ಹನ್ನೊಂದರಿಂದ ಹನ್ನೆರಡಕ್ಕೆ ಜಿಗಿಯಲು ಬೇಕಾದ ಶಕ್ತಿ ಎಷ್ಟು, ಅದು ಯಾವ ಬೆಳಕು? ಅವಳು ಮರುದಿನ ಸಪ್ಪೆಮುಖ ಮಾಡಿಕೊಂಡು ಬಂದಳು. ಉತ್ತರ 1 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 1240 ನ್ಯಾನೋಮೀಟರ್. ಅದು ಕಣ್ಣಿಗೆ ಕಾಣದ ಅವಕೆಂಪು. ಕ್ಯಾರೆಟ್ ಹೀರಿಕೊಳ್ಳುವುದೋ 450 ನ್ಯಾನೋಮೀಟರ್ ಆಸುಪಾಸಿನ ನೀಲಿಯನ್ನು. ನೀಲಿ ಕಳೆದು ಉಳಿದದ್ದು ನಮಗೆ ಕಿತ್ತಳೆಯಾಗಿ ಕಾಣುತ್ತದೆ. "ಮೂರು ಸಲ ಮಾಡಿದೆ ಮೇಡಂ, ಎಲ್ಲಿ ತಪ್ಪಿದೆನೋ ಗೊತ್ತಾಗುತ್ತಿಲ್ಲ."

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಉತ್ತರವನ್ನು ಕ್ಯಾರೆಟ್‌ನ ಪಕ್ಕದಲ್ಲಿಟ್ಟು ನೋಡಿದ್ದಳಲ್ಲ, ನನಗೆ ಅದೇ ದೊಡ್ಡ ಸಂತೋಷ. ತಪ್ಪಿದ್ದದ್ದು ಪೆಟ್ಟಿಗೆಯ ತಳದಲ್ಲಿ. ನಾವು ಅದು ನುಣುಪಾಗಿದೆ, ಅಂದರೆ ಎಲೆಕ್ಟ್ರಾನ್‌ನ ಸ್ಥಿತಿಶಕ್ತಿ ಒಳಗೆಲ್ಲ ಒಂದೇ ಎಂದುಕೊಂಡೆವು. ಆದರೆ ಸರಪಳಿಯಲ್ಲಿ ದ್ವಿಬಂಧ ಗಿಡ್ಡ, ಏಕಬಂಧ ಉದ್ದ; ಹೀಗೆ ಗಿಡ್ಡ ಉದ್ದ ಸರದಿಯಲ್ಲಿ ಬಂದಾಗ ತಳ ಉಬ್ಬುತಗ್ಗಾಗುತ್ತದೆ, ತುಂಬಿದ ಮಟ್ಟಕ್ಕೂ ಖಾಲಿ ಮಟ್ಟಕ್ಕೂ ನಡುವಿನ ಅಂತರ ಹಿಗ್ಗುತ್ತದೆ. ಬಂಧಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದವಿರುವ ಸಯನೀನ್ ವರ್ಣದ್ರವ್ಯಗಳಿಗೆ ನುಣುಪು ತಳದ ಲೆಕ್ಕವೇ ಬಹಳ ಹತ್ತಿರದ ಉತ್ತರ ಕೊಡುತ್ತದೆ. ರಸಾಯನವಿಜ್ಞಾನಿ ಹಾನ್ಸ್ ಕುನ್ 1940ರ ದಶಕದ ಕೊನೆಯಲ್ಲಿ ಈ ಉಬ್ಬುತಗ್ಗನ್ನು ಲೆಕ್ಕಕ್ಕೆ ಸೇರಿಸುವ ದಾರಿ ತೋರಿಸಿದ್ದರು. ಉಬ್ಬು ಎಷ್ಟಿದ್ದರೆ ಕ್ಯಾರೆಟ್ ಕಿತ್ತಳೆಯಾಗುತ್ತದೆ, ಹಿಂದಿನಿಂದ ಲೆಕ್ಕ ಹಾಕಿ ಬಾ ಎಂದು ಕಳುಹಿಸಿದೆ. ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್ ಎಂದು ಬರೆದುಕೊಂಡು ಬಂದಳು. ಈ ಸಲ ಮಾನ ಸರಿಯಾಗಿತ್ತು, ಅದರ ಕೆಳಗೆ ಎರಡು ಗೆರೆ ಎಳೆದಿದ್ದಳು.

ಗೆರೆಯ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ. ಟೊಮೆಟೊಗೆ ಬಣ್ಣ ಕೊಡುವ ಲೈಕೋಪೀನ್ ಅಣುವಿನಲ್ಲೂ ಸರಪಳಿಯ ದ್ವಿಬಂಧಗಳು ಹನ್ನೊಂದೇ, ಹಾಗಿದ್ದರೂ ಟೊಮೆಟೊ ಯಾಕೆ ಕೆಂಪು? ಕ್ಯಾರೊಟಿನ್‌ನ ಎರಡು ತುದಿಗಳಲ್ಲಿರುವ ಉಂಗುರಗಳ ಚಿತ್ರ ಬಿಡಿಸಿ, ಅಲ್ಲಿನ ದ್ವಿಬಂಧಗಳು ಉಳಿದ ಸರಪಳಿಯ ಸಮತಲದಿಂದ ಎಷ್ಟು ತಿರುಚಿಕೊಂಡಿವೆ ಎಂದು ಅವಳ ಮುಂದಿಟ್ಟೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಇಬ್ಬರೂ ಏಳಲಿಲ್ಲ.