ಸರ್ಕಾರಿ ಮನೆಯ ಖರ್ಚು, ಗೌಂಡಿಯ ಕೂಲಿ: ಮುಂಬೈನ ನೂರು ವರ್ಷದ ಲೆಕ್ಕ

ಮುಂಬೈನ ವರ್ಲಿಯಲ್ಲಿರುವ ಬಿಡಿಡಿ ಚಾಳುಗಳ (ಬ್ರಿಟಿಷರ ಕಾಲದ, ಒಂದೊಂದು ಕೋಣೆಯ ಮನೆಗಳ ಸರ್ಕಾರಿ ಕಟ್ಟಡಗಳ) 556 ಕುಟುಂಬಗಳಿಗೆ 2025ರ ಆಗಸ್ಟ್‌ನಲ್ಲಿ 500 ಚದರಡಿಯ ಹೊಸ ಮನೆಗಳ ಕೀಲಿಕೈ ಉಚಿತವಾಗಿ ಸಿಕ್ಕಿತು. ತಲೆಮಾರುಗಳಿಂದ 160 ಚದರಡಿಯ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದವರಿಗೆ ಇದು ಸಣ್ಣ ಮಾತಲ್ಲ. ಆದರೆ ಸಿಮೆಂಟು, ಕಬ್ಬಿಣ, ಕೂಲಿಗಳ ಖರ್ಚನ್ನು ಹೊತ್ತವರು ಯಾರು ಎಂಬ ಪ್ರಶ್ನೆ ಆ ಚಾಳುಗಳಷ್ಟೇ ಹಳೆಯದು.

1896ರ ಪ್ಲೇಗಿನ ನಂತರ ನಗರದ ವಸತಿ ಸರ್ಕಾರದ ಹೊಣೆಯಾಯಿತು. ಗವರ್ನರ್ ಜಾರ್ಜ್ ಲಾಯ್ಡ್ ಅವರ ಕಾಲದಲ್ಲಿ, 1920ರಲ್ಲಿ ಹುಟ್ಟಿದ ಬಿಡಿಡಿ, ಅಂದರೆ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಗಿರಣಿ ಕಾರ್ಮಿಕರಿಗಾಗಿ 50,000 ಕೋಣೆಗಳನ್ನು ಕಟ್ಟಲು ಹೊರಟಿತು. ಮೊದಲ ಮಹಾಯುದ್ಧ ಮುಗಿದ ಆ ದಿನಗಳಲ್ಲಿ ಸಾಮಗ್ರಿಯೂ ಕೂಲಿಯೂ ತುಟ್ಟಿಯಾಗಿದ್ದವು. ಹಾಕಿದ ಹಣ ಹುಟ್ಟುವಂತೆ ಬಾಡಿಗೆ ಇಟ್ಟರೆ ಕಾರ್ಮಿಕನಿಗೆ ಕೊಡಲಾಗದು ಎಂಬ ಕಾರಣಕ್ಕೆ ಹತ್ತಿಯ ಪ್ರತಿ ಅಂಡಿಗೆಯ (ಬೇಲಿನ) ಮೇಲೆ ಒಂದು ರೂಪಾಯಿ ತೆರಿಗೆ ಹಾಕಿ ನಷ್ಟ ತುಂಬಲಾಯಿತು. ಆದರೂ ವರ್ಲಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ ಎದ್ದದ್ದು 207 ಕಟ್ಟಡಗಳು, ಸುಮಾರು 16,500 ಕೋಣೆಗಳು ಮಾತ್ರ.

ಸ್ವಾತಂತ್ರ್ಯಾನಂತರ ಸಿಮೆಂಟಿನ ಬೆಲೆಯೂ ಹಂಚಿಕೆಯೂ ಸರ್ಕಾರದ ಹಿಡಿತದಲ್ಲಿದ್ದವು. ದೇಣಿಗೆಗೆ ಬದಲಾಗಿ ಬಿಲ್ಡರುಗಳಿಗೆ ಸಿಮೆಂಟು ಹಂಚಿದ ಆರೋಪದ ಪ್ರಕರಣದಲ್ಲಿ ಹೈಕೋರ್ಟ್ ತೀರ್ಪು ಬಂದಾಗ, 1982ರ ಜನವರಿಯಲ್ಲಿ, ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ರಾಜೀನಾಮೆ ಕೊಡಬೇಕಾಯಿತು. ಸಿಮೆಂಟು ಪೂರ್ತಿ ಮುಕ್ತವಾದದ್ದು 1989ರಲ್ಲಿ. ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ 1995ರಲ್ಲಿ ಬಂದ ಮೇಲೆ ಖರ್ಚು ತುಂಬುವ ಕೆಲಸದಲ್ಲಿ ಹತ್ತಿ ತೆರಿಗೆಯ ಜಾಗವನ್ನು ನೆಲದ ಬೆಲೆ ಹಿಡಿಯಿತು: ಬಿಲ್ಡರ್ ಬಡವರಿಗೆ ಉಚಿತ ಮನೆ ಕಟ್ಟಿ, ಅದೇ ಜಾಗದಲ್ಲಿ ಹೆಚ್ಚುವರಿ ಫ್ಲಾಟುಗಳನ್ನು ಮಾರಿ ಖರ್ಚು ಹುಟ್ಟಿಸಿಕೊಳ್ಳುತ್ತಾನೆ.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಹಿಂಡಲಾಗುವುದು ಕೂಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಸರ್ಕಾರಿ ಗುತ್ತಿಗೆಗಳಲ್ಲಿ ಸಿಮೆಂಟು, ಉಕ್ಕಿನ ದರ ಏರಿದರೆ ಗುತ್ತಿಗೆದಾರನಿಗೆ ವ್ಯತ್ಯಾಸ ಕೊಡುವ ಷರತ್ತು ಇರುತ್ತದೆ. ಕೂಲಿಯ ಪಾಲನ್ನೂ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಜೋಡಿಸಿರುತ್ತಾರೆ. ಆದರೆ ಆ ಹಣ ಗುತ್ತಿಗೆದಾರ, ಉಪಗುತ್ತಿಗೆದಾರ, ಮುಕಾದಮ (ಕೂಲಿಗಳ ಮೇಸ್ತ್ರಿ) ಎಂದು ಇಳಿಯುತ್ತಾ ಬಂದು ಕಾರ್ಮಿಕನ ಕೈ ಸೇರಲೇಬೇಕೆಂಬ ಖಾತರಿ ಎಲ್ಲಿಯೂ ಇಲ್ಲ.

ಕೂಲಿಗೆ ಜನ ಕರೆಯುವ ಬೆಳಗಿನ ನಾಕಾದಲ್ಲಿ (ರಸ್ತೆ ಕೂಡುವಲ್ಲಿ) ಯಾದಗಿರಿ, ಕಲಬುರಗಿ ಕಡೆಯ ಗೌಂಡಿಗಳು ಚೀಲದಲ್ಲಿ ಕರಣೆ ಇಟ್ಟುಕೊಂಡು, ಬಿಗಾರಿ (ಮಣ್ಣು, ಇಟ್ಟಿಗೆ ಹೊರುವ) ಹೆಂಗಸರು ಮಡಚಿದ ಮೊಣಕಾಲಿಗೆ ಬುಟ್ಟಿ ಒರಗಿಸಿಕೊಂಡು ಕೂತಿರುತ್ತಾರೆ. ಒಂಬತ್ತು ಗಂಟೆ ದಾಟಿತೆಂದರೆ ಕೇಳಿದ ಪಗಾರ ಇಳಿಯುತ್ತದೆ. ಇಂಥವರಿಗಾಗಿಯೇ 1996ರ ಕಾನೂನುಗಳು ಕಟ್ಟಡ ವೆಚ್ಚದ ಮೇಲೆ ಕನಿಷ್ಠ ಶೇ. 1ರ ಸೆಸ್ ಇಟ್ಟು ಕಲ್ಯಾಣ ನಿಧಿಗೆ ದಾರಿ ಮಾಡಿದವು. ಆ ನಿಧಿಯ ಫಲಾನುಭವಿಯಾಗಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ದಿನಕ್ಕೊಬ್ಬ ಮಾಲಕನ ಕೆಳಗೆ ದುಡಿಯುವ ಗೌಂಡಿ ಆ 90 ದಿನಗಳಿಗೆ ಯಾರ ಸಹಿ ತರಬೇಕು?