ಜೋಡಿ ರೂಪಾಂತರ ಪಟ್ಟಿಗಳು: ಒತ್ತಡದಿಂದ ಆಳಕ್ಕೆ, ಆಳದಿಂದ ತಾಪದ ಏರಿಕೆಗೆ

ನೈಋತ್ಯ ಜಪಾನಿನಲ್ಲಿ ರೂಪಾಂತರ ಶಿಲೆಗಳ, ಅಂದರೆ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಬದಲಾದ ಕಲ್ಲುಗಳ, ಎರಡು ಪಟ್ಟಿಗಳು ಒತ್ತೊತ್ತಾಗಿ ಸಾಗುತ್ತವೆ. ಉತ್ತರದ್ದು ರ್ಯೋಕೆ: ಗ್ರಾನೈಟು, ಜೊತೆಗೆ ಕಡಿಮೆ ಒತ್ತಡ, ಹೆಚ್ಚು ಶಾಖದ ಖನಿಜಗಳಾದ ಆಂಡಲುಸೈಟ್, ಸಿಲಿಮನೈಟ್. ದಕ್ಷಿಣಕ್ಕೆ, ಸಾಗರದ ಕಡೆಗೆ, ಸಾನ್‌ಬಾಗಾವಾ: ಹೆಚ್ಚು ಒತ್ತಡ, ಕಡಿಮೆ ಶಾಖದಲ್ಲಿ ಹುಟ್ಟುವ ನೀಲಿ ಖನಿಜ ಗ್ಲಾಕೋಫೇನ್ ಸಿಗುವ ಶಿಸ್ಟ್‌ಗಳು (ಪದರಪದರವಾಗಿ ಸೀಳುವ ಕಲ್ಲುಗಳು). ಎರಡೂ ಕ್ರಿಟೇಷಿಯಸ್ ಕಾಲದಲ್ಲಿ, ಏಷ್ಯಾದ ಅಂಚಿನಡಿ ಸಾಗರ ಫಲಕ ಇಳಿಯುತ್ತಿದ್ದಾಗ ರೂಪಾಂತರಗೊಂಡವು. ಇಂಥ ಜೋಡಿಯನ್ನು ಜಪಾನಿನ ಭೂವಿಜ್ಞಾನಿ ಮಿಯಾಶಿರೊ 1961ರಲ್ಲೇ, ಭೂಮಿಯ ಹೊರಪದರ ಚಲಿಸುವ ಫಲಕಗಳಿಂದಾಗಿದೆ ಎಂಬ ಸಿದ್ಧಾಂತಕ್ಕೂ ಮುಂಚೆ, ಗುರುತಿಸಿದರು.

ಕಲ್ಲಿನ ಖನಿಜಗಳು ಅದು ಕಂಡ ಒತ್ತಡ, ತಾಪವನ್ನು ತೋರಿಸುತ್ತವೆ; ಅದರಿಂದ ಆಳವನ್ನೂ ಕಿ.ಮೀ.ಗೆ ತಾಪದ ಏರಿಕೆಯನ್ನೂ ತೆಗೆಯಬಹುದು. ಎಡವುವುದು ಈ ಲೆಕ್ಕದಲ್ಲಿ. ಒತ್ತಡ = ಸಾಂದ್ರತೆ × ಗುರುತ್ವ × ಆಳ. ಸಾಂದ್ರತೆ ಘನಮೀಟರಿಗೆ 2800 ಕೆಜಿ, ಗುರುತ್ವ 9.8 ಎಂದಿಟ್ಟರೆ 1 ಗಿಗಾಪ್ಯಾಸ್ಕಲ್‌ಗೆ ಸುಮಾರು 36 ಕಿ.ಮೀ. ಇದೊಂದು ನೆನಪಿದ್ದರೆ ಸಾಕು.

ಮಾದರಿಗೆ, ಗ್ಲಾಕೋಫೇನ್ ಶಿಸ್ಟ್ 0.8 ಗಿಗಾಪ್ಯಾಸ್ಕಲ್, 320 ಡಿಗ್ರಿ ತೋರಿಸಿತೆನ್ನಿ. ಆಳ 29 ಕಿ.ಮೀ. ಮೇಲ್ಮೈಯ 20 ಡಿಗ್ರಿ ಕಳೆದು ಭಾಗಿಸಿದರೆ ಕಿ.ಮೀ.ಗೆ 10 ಡಿಗ್ರಿ. ಸಿಲಿಮನೈಟ್ ಶಿಲೆ 0.3 ಗಿಗಾಪ್ಯಾಸ್ಕಲ್, 600 ಡಿಗ್ರಿ: ಆಳ 11 ಕಿ.ಮೀ., ಏರಿಕೆ 53. ಸಾಮಾನ್ಯ ಖಂಡದಲ್ಲಿ 25–30. ಒಂದು ಅದಕ್ಕಿಂತ ತೀರಾ ತಂಪು, ಇನ್ನೊಂದು ತೀರಾ ಬಿಸಿ.

ತಂಪು ಯಾಕೆ? ವರ್ಷಕ್ಕೆ 5 ಸೆಂ.ಮೀ. ಸರಿಯುತ್ತ 30 ಡಿಗ್ರಿ ಓರೆಯಲ್ಲಿ ಇಳಿವ ಫಲಕ ನೇರ ಕೆಳಕ್ಕೆ 2.5 ಸೆಂ.ಮೀ. ಹೋಗುತ್ತದೆ, 30 ಕಿ.ಮೀ. ಆಳ ಸೇರಲು 12 ಲಕ್ಷ ವರ್ಷ. ಕಲ್ಲಿನೊಳಗೆ ಶಾಖ 10 ಕಿ.ಮೀ. ದಾಟಲು ಸುಮಾರು 30 ಲಕ್ಷ ವರ್ಷ ಬೇಕು. ಬಿಸಿಯಾಗುವ ಮೊದಲೇ ಒತ್ತಡ ಏರಿಬಿಟ್ಟಿರುತ್ತದೆ. ರ್ಯೋಕೆಯ ಕಡೆ ಶಾಖವನ್ನು ಮೇಲಕ್ಕೆ ಹೊತ್ತು ತಂದದ್ದು ಶಿಲಾಪಾಕ, ಅಂದರೆ ಕರಗಿದ ಕಲ್ಲು.

ಈಗ ಎಲ್ಲರೂ ಮಾಡುವ ತಪ್ಪು: ಗರಿಷ್ಠ ಒತ್ತಡವನ್ನೂ ಗರಿಷ್ಠ ತಾಪವನ್ನೂ ಒಟ್ಟಿಗೆ ಸೂತ್ರಕ್ಕೆ ಹಾಕುವುದು. ಎರಡೂ ಬೇರೆ ಬೇರೆ ಗಳಿಗೆಯವು. ಮೇಲೆ ಬರುವಾಗ ಒತ್ತಡ ಇಳಿಯುತ್ತಿದ್ದರೂ ತಾಪ ಏರಬಹುದು. ಅದೇ ಶಿಸ್ಟ್ ಆಮೇಲೆ 0.5 ಗಿಗಾಪ್ಯಾಸ್ಕಲ್‌ನಲ್ಲಿ 420 ಡಿಗ್ರಿ ಮುಟ್ಟಿದರೆ, 0.8ರ ಜೊತೆ 420 ಬೆರೆಸಿದಾಗ ಸಿಗುವ 14 ಎಂಬ ಅಂಕಿ ಯಾವ ಗಳಿಗೆಗೂ ಸೇರದು. ನಿಜವಾದ ಜೊತೆಗಳು 10 ಮತ್ತು 22. ಇಳಿಯುವ ಫಲಕದ ಬಗ್ಗೆ ಹೇಳುವುದು ಮೊದಲನೆಯದು ಮಾತ್ರ. ತೆಳುಸೀಳಿನಲ್ಲಿ (ಸೂಕ್ಷ್ಮದರ್ಶಕದಡಿ ನೋಡಲು ತೆಳುವಾಗಿ ಕತ್ತರಿಸಿದ ಕಲ್ಲಿನ ಚೂರಿನಲ್ಲಿ) ಗ್ಲಾಕೋಫೇನಿನ ಅಂಚನ್ನು ಆಕ್ಟಿನೊಲೈಟ್, ಕ್ಲೋರೈಟ್ ಎಂಬ ಹಸಿರು ಖನಿಜಗಳು ಆವರಿಸಿದ್ದರೆ ಒತ್ತಡ ಇಳಿದ ಮೇಲಿನ ಇಂಥ ಎರಡನೇ ಹಂತ ನಡೆದಿರಬಹುದು ಎಂಬ ಸುಳಿವು. ಒಂದಕ್ಕೊಂದು ತಾಗಿ, ಕೊರೆತವಿಲ್ಲದೆ ಕೂತ ಖನಿಜಗಳನ್ನಷ್ಟೇ ಒಂದು ಗುಂಪೆಂದು ಎಣಿಸಿ.

ಗ್ಲಾಕೋಫೇನಿನ ನೀಲಿ ಬಣ್ಣ ಬಸಾಲ್ಟ್ ಮೂಲದ ಕಲ್ಲಿನಲ್ಲೇ ಚೆನ್ನಾಗಿ ಕಾಣುವುದು. ಪಕ್ಕದ ಜೇಡಿ ಮೂಲದ ಶಿಸ್ಟ್ ಅದೇ ಆಳಕ್ಕೆ ಹೋಗಿದ್ದರೂ ಬೂದಾಗಿಯೇ ಇರಬಹುದು.

ಪಟ್ಟಿಗಳು ಈಗ ತಾಗಿಕೊಂಡಿರುವುದು ನಡುವಿನ ಮೀಡಿಯನ್ ಟೆಕ್ಟಾನಿಕ್ ಲೈನ್ ಎಂಬ ಸ್ತರಭಂಗದಿಂದ. ತಂಪು ಪಟ್ಟಿ ಹುಟ್ಟುವುದು ಫಲಕ ಇಳಿಯುವ ಸಾಗರ ಕಂದಕದ ಕಡೆ, ಬಿಸಿಯದು ಜ್ವಾಲಾಮುಖಿ ಸಾಲಿನಡಿ; ಕಂದಕದಿಂದ ಆ ಸಾಲಿಗೆ ಸಾಮಾನ್ಯವಾಗಿ 100 ಕಿ.ಮೀ.ಗೂ ಹೆಚ್ಚು ದೂರವಿರುತ್ತದೆ, ಹಾಗಾಗಿ ಇಂದಿನ ಅಂತರವನ್ನು ಅಂದಿನದೆಂದು ಅಳೆಯಬೇಡಿ.